ಫೆರೋಕ್ರೋಮ್ ಪುಡಿ ಯಾರಿಗೆ ಬೇಕಾಗುತ್ತದೆ? ಪುಣೆ, ಮುಂಬೈ ಕಡೆಯವರು ಹೇಳಿ

ನಮ್ಮೂರು ವಿಜಯಪುರ, ಭೋಸರಿಯಲ್ಲಿ ಸಣ್ಣ ಟ್ರೇಡಿಂಗ್ ಇದೆ. ಪರಿಚಯದವರೊಬ್ಬರು ಫೆರೋಕ್ರೋಮ್ (ಕಬ್ಬಿಣ, ಕ್ರೋಮಿಯಂ ಸೇರಿದ ಮಿಶ್ರಲೋಹ) ಪುಡಿ ಮಾರೋಣ ಅಂತಿದ್ದಾರೆ. ಸ್ಟೇನ್‌ಲೆಸ್ ಸ್ಟೀಲಿಗೆ ಹಾಕುತ್ತಾರೆ ಅನ್ನುವುದು ಬಿಟ್ಟರೆ ನನಗೇನೂ ಗೊತ್ತಿಲ್ಲ. ಕೊಳ್ಳುವವರು ಯಾರು, ಮಾಲು ತಗೊಳ್ಳುವ ಮುಂಚೆ ಏನು ನೋಡಬೇಕು?

ಚಾಕಣದಿಂದ:
ಸರ್, ನಾನು ವೆಲ್ಡಿಂಗ್ ರಾಡ್ ಮಾಡುವ ಕಡೆ ಕೆಲಸ ಮಾಡುತ್ತೇನೆ. ಪುಡಿಗೆ ದೊಡ್ಡ ಗಿರಾಕಿ ನಮ್ಮಂಥವರೇ. ರಾಡಿನ ಮೇಲಿನ ಲೇಪಕ್ಕೆ ಬೇರೆ ಖನಿಜಗಳ ಜೊತೆ ಇದನ್ನು ಬೆರೆಸಿ, ಅಂಟಿಗೆ ಸಿಲಿಕೇಟ್ ಹಾಕಿ ಕಲಸಿ, ಒತ್ತಿ, ಒಣಗಿಸುತ್ತೇವೆ. ಫ್ಲಕ್ಸ್ ಕೋರ್ಡ್ ವೈರ್ ಮಾಡುವವರು ಇದನ್ನೇ ತಂತಿಯ ಒಳಗೆ ತುಂಬುತ್ತಾರೆ. ಆದ್ರೆ ಮೊದಲು ಕೇಳಬೇಕಾದ್ದು ಕಾರ್ಬನ್ ಎಷ್ಟು ಅಂತ. ಹೈ ಕಾರ್ಬನ್ ಮಾಲಿನಲ್ಲಿ ಕ್ರೋಮಿಯಂ ಸುಮಾರು 60 ಶೇಕಡಾ, ಕಾರ್ಬನ್ 6ರಿಂದ 8. ಅದು ಹಾರ್ಡ್‌ಫೇಸಿಂಗ್ ರಾಡಿಗೆ, ಅಂದ್ರೆ ಸವೆಯುವ ಭಾಗದ ಮೇಲೆ ಗಟ್ಟಿ ಪದರ ಹಾಕುವ ರಾಡಿಗೆ ಸರಿ, ಅಲ್ಲಿ ಗಟ್ಟಿ ಕಾರ್ಬೈಡ್ ಆಗಲೆಂದೇ ಹಾಕುವುದು. 308ಎಲ್ ಥರದ ಸ್ಟೇನ್‌ಲೆಸ್ ರಾಡಿನ ವೆಲ್ಡಿನಲ್ಲಿ ಕಾರ್ಬನ್ ಶೇಕಡಾ 0.04 ದಾಟುವಂತಿಲ್ಲ, ಅಲ್ಲಿ ಹೈ ಕಾರ್ಬನ್ ಪುಡಿ ಹಾಕಿದರೆ ಪೂರಾ ಬ್ಯಾಚ್ ಹಾಳು. ಅದಕ್ಕೆ ಲೋ ಕಾರ್ಬನ್ನೇ ಬೇಕು, ರೇಟು ಜಾಸ್ತಿ, ಪುಡಿ ಮಾಡುವುದೂ ಕಷ್ಟ, ಯಾಕಂದ್ರೆ ಹೈ ಕಾರ್ಬನ್ ಬೇಗ ಒಡೆಯುತ್ತದೆ, ಇದು ಒಡೆಯುವುದಿಲ್ಲ.
ಆಮೇಲೆ ಮೆಶ್, ಅಂದ್ರೆ ಯಾವ ಜರಡಿಯಲ್ಲಿ ಇಳಿಯುವಷ್ಟು ಕಣ ಅನ್ನುವ ಅಳತೆ. ದಪ್ಪ ಕಣ ಬಂದರೆ ಲೇಪ ಒತ್ತುವ ಡೈಯ ತೂತು ಕಟ್ಟಿಕೊಳ್ಳುತ್ತದೆ, ತೀರಾ ನುಣ್ಣಗಿದ್ದರೆ ಸಿಲಿಕೇಟ್ ಜಾಸ್ತಿ ಕುಡಿದು ಲೇಪ ಬಿರುಕು ಬಿಡುತ್ತದೆ. ಒಬ್ಬೊಬ್ಬರದು ಒಂದೊಂದು ಹಟ, ಅವರು ಕೇಳಿದ್ದನ್ನೇ ಕೊಡಿ.

ತಲೋಜಾದಿಂದ:
ಫೌಂಡ್ರಿಗೆ ಪುಡಿ ಹಿಡಿದು ಬರಬೇಡಿ ಅಣ್ಣಾ 😄 ನಮಗೆ ಗಡ್ಡೆ ಬೇಕು. ಪುಡಿ ಫರ್ನೇಸಿಗೆ ಹಾಕಿದರೆ ಸ್ವಲ್ಪ ಹಾರಿಹೋಗುತ್ತದೆ, ಸ್ವಲ್ಪ ಸುಟ್ಟು ಸ್ಲ್ಯಾಗಿಗೆ (ಕಿಟ್ಟಕ್ಕೆ) ಸೇರುತ್ತದೆ, ದುಡ್ಡು ದಂಡ. ಸ್ಟೇನ್‌ಲೆಸ್ ಕರಗಿಸುವವರದೂ ಇದೇ ಮಾತು. ಅಂದ ಹಾಗೆ ಫೆರೋಕ್ರೋಮ್ ಮಾಡುವ ಕ್ರೋಮೈಟ್ ಅದಿರು ನಮ್ಮ ದೇಶದಲ್ಲಿ ತೆಗೆಯುವುದು ಹೆಚ್ಚೂಕಡಿಮೆ ಎಲ್ಲಾ ಒಡಿಶಾದ ಸುಕಿಂದಾದ್ದೇ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲೂ ಈ ಅದಿರು ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಬಾರಾಮತಿ ಕಡೆಯಿಂದ:
ಸಕ್ಕರೆ ಕಾರ್ಖಾನೆಗಳನ್ನು ಮರೀಬೇಡಿ. ಕಬ್ಬು ಜಾರದೆ ಒಳಗೆ ಹೋಗಲಿ ಅಂತ ರೋಲರ್ ಹಲ್ಲಿನ ಮೇಲೆ ಕ್ರೋಮಿಯಂ ಕಾರ್ಬೈಡ್ ರಾಡಿನಿಂದ ಆರ್ಕಿಂಗ್ ಮಾಡುತ್ತೇವೆ, ಅಂದ್ರೆ ವೆಲ್ಡಿನ ಹನಿ ಕೂರಿಸಿ ಒರಟು ಮಾಡುತ್ತೇವೆ, ಹಂಗಾಮಿನಲ್ಲಿ ಮಿಲ್ ಓಡುತ್ತಿರುವಾಗಲೇ. ಕಾರ್ಖಾನೆಯವರು ಪುಡಿ ಕೊಳ್ಳುವುದಿಲ್ಲ, ರಾಡ್ ಕೊಳ್ಳುತ್ತಾರೆ, ಆದ್ರೆ ರಾಡಿನವರ ಬೇಡಿಕೆ ಇಲ್ಲಿಂದಲೂ ಬರುತ್ತದೆ. ಈ ಥರದ ವೆಲ್ಡ್ ಅಡ್ಡಡ್ಡ ಸೀಳುವುದು ಮಾಮೂಲು, ಯಾರಾದರೂ ಅದನ್ನು ತೋರಿಸಿ ಪುಡಿ ಕೆಟ್ಟದ್ದು ಅಂದರೆ ನಂಬಬೇಡಿ. ಸುತ್ತಿಗೆ ಏಟು ಬೀಳುವ ಕ್ರಷರ್ ಭಾಗಕ್ಕೆ ಮಾತ್ರ ಇದು ಆಗುವುದಿಲ್ಲ, ಪದರ ಎದ್ದು ಬರುತ್ತದೆ.

ಪಿಂಪ್ರಿಯಿಂದ:
ಗೋಡೌನ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಚೀಲ ನೆಲಕ್ಕೆ ಇಡಬೇಡಿ, ಪ್ಯಾಲೆಟ್ ಹಾಕಿ. ತೇವ ಹಿಡಿದ ಪುಡಿ ಗಿರಾಕಿ ವಾಪಸ್ ಕಳಿಸುತ್ತಾನೆ. ಚೀಲ ಬದಲಿಸುವ ಹುಡುಗರಿಗೆ ಒಳ್ಳೆ ಮಾಸ್ಕ್ ಕೊಡಿ, ಕರವಸ್ತ್ರ ಸಾಲದು. ವೆಲ್ಡಿಂಗ್ ಹೊಗೆಯಲ್ಲಿ ಬರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಅಂತೂ ಕ್ಯಾನ್ಸರ್ ತರುವಂಥದ್ದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್ ರೀ. ಮಾಲಿನ ಟೆಸ್ಟ್ ಸರ್ಟಿಫಿಕೇಟ್ ಈಗ ನೋಡಿದೆ, ಕ್ರೋಮಿಯಂ 62 ಅಂತಿದೆ, ಕಾರ್ಬನ್ ಬರೆದೇ ಇಲ್ಲ.

ಚಾಕಣದಿಂದ:
ಹಾಗಾದ್ರೆ ಅಡ್ವಾನ್ಸ್ ಕೊಡಬೇಡಿ. ಸ್ಯಾಂಪಲ್ ತಗೊಂಡು ಲ್ಯಾಬಿಗೆ ಕೊಡಿ. ಲೋಹದ ತುಂಡನ್ನು ಸ್ಪಾರ್ಕ್ ಮಾಡಿ ನೋಡುವ ಯಂತ್ರಕ್ಕೆ ಪುಡಿ ಆಗುವುದಿಲ್ಲ, ಪುಡಿ ಸುಟ್ಟು ಕಾರ್ಬನ್ ಅಳೆಯುವ ಲ್ಯಾಬೇ ಬೇಕು, ಫೋನಿನಲ್ಲೇ ಕೇಳಿಕೊಂಡು ಹೋಗಿ. ಚೀಲದ ಮೇಲಿಂದ ಮಾತ್ರ ತೆಗೆಯಬೇಡಿ, ನಡುವಿಂದಲೂ ತೆಗೆಯಿರಿ.