ಗಿನಿ ಪಿಗ್‌ಗೆ ನೀರು ನೀರಾದ ಭೇದಿ, ಹುಲ್ಲು ಮುಟ್ಟುತ್ತಿಲ್ಲ. ಸಿರಿಂಜ್‌ನಲ್ಲಿ ತಿನ್ನಿಸಬಹುದೇ?

ಬೆಲ್ಲದಚ್ಚು:
ಗಂಡು, 2 ವರ್ಷ. ಹತ್ತು ದಿನದ ಹಿಂದೆ 910 ಗ್ರಾಂ ಇತ್ತು, ಇವತ್ತು ಬೆಳಿಗ್ಗೆ 815. ಸೀನುತ್ತಿತ್ತು ಅಂತ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ಪನ್ನು ಮೂರು ದಿನ ಕೊಟ್ಟಿದ್ದೇವೆ. ನಿನ್ನೆ ಮಧ್ಯಾಹ್ನ ಹಿಕ್ಕೆ ಮೆತ್ತಗಾಯಿತು, ರಾತ್ರಿ ಹೊತ್ತಿಗೆ ನೀರಾಯಿತು. ಹುಲ್ಲು ಮುಟ್ಟುತ್ತಿಲ್ಲ, ಸೌತೆಕಾಯಿ ಮೂಸಿ ಬಿಡುತ್ತದೆ, ಮೂಲೆಯಲ್ಲಿ ರೋಮ ನಿಮಿರಿಸಿಕೊಂಡು ಮುದುಡಿ ಕೂತಿದೆ. ಭೇದಿ ನಿಲ್ಲಲಿ ಅಂತ ಒಂದು ಚಮಚ ಮೊಸರು ಕೊಟ್ಟೆವು. ಮನೆಯಲ್ಲಿ ಕೂಸಿನ ಗ್ಯಾಸ್ ಡ್ರಾಪ್ಸ್ ಇದೆ, ಅದನ್ನು ಹಾಕಬಹುದೇ? ಊರು ಅರಸೀಕೆರೆ. ಇಲ್ಲಿನ ಡಾಕ್ಟರು ದನ, ಕುರಿ ನೋಡುವವರು.

ಹುಲ್ಲುಕಡ್ಡಿ:
ಮೊದಲು ಆ ಸಿರಪ್ ನಿಲ್ಲಿಸಿ. ಮುಂದಿನ ಡೋಸ್ ಬೇಡವೇ ಬೇಡ. ಹೆಚ್ಚಿನಂಶ ಭೇದಿಗೆ ಅದೇ ಕಾರಣ.

ಗಿನಿ ಪಿಗ್‌ನ ಆಹಾರದ ಮುಖ್ಯ ಕೆಲಸವೆಲ್ಲ ನಡೆಯುವುದು ಸೀಕಮ್ ಎಂಬ ದೊಡ್ಡ ಚೀಲದಂಥ ಕರುಳಿನಲ್ಲಿ. ಅಲ್ಲಿರುವ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಕೊಟ್ಟರೆ ಅದಕ್ಕೆ ಊಟ. ಅಮಾಕ್ಸಿಸಿಲಿನ್ ಆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಪೆನಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಬಾಯಿಂದ ಕೊಡುವ ಎರಿಥ್ರೋಮೈಸಿನ್, ಸೆಫಾಲೆಕ್ಸಿನ್ ಇವೆಲ್ಲದರ ಅಪಾಯವೂ ಇದೇ. ಮಗುವಿಗೂ ನಾಯಿಗೂ ಒಗ್ಗುವ ಔಷಧಿ ಇದಕ್ಕೆ ಪ್ರಾಣಾಪಾಯ.

ಮೊಸರೂ ನಿಲ್ಲಿಸಿ. ನಮ್ಮ ಹೊಟ್ಟೆ ಕೆಟ್ಟಾಗ ಮೊಸರನ್ನ ಸರಿ, ಹುಲ್ಲು ತಿನ್ನುವ ಪ್ರಾಣಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಗ್ಲೂಕೋಸ್ ನೀರೂ ಬೇಡ. ಸೌತೆಕಾಯಿ, ಹಣ್ಣು, ಸೊಪ್ಪು ಎಲ್ಲ ಸದ್ಯಕ್ಕೆ ಬಂದ್. ಒಣಹುಲ್ಲು ಮತ್ತು ನೀರು ಮಾತ್ರ ಸದಾ ಎದುರಿಗಿರಲಿ.

ಇನ್ನು ಎರಡು ವಿಷಯ ಈಗಲೇ ನೋಡಿ ಬರೆಯಿರಿ. ಹೊಟ್ಟೆಯ ಎರಡೂ ಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ, ಆಮೇಲೆ ತಟ್ಟಿ. ಮೆತ್ತಗಿದೆಯೋ, ಗಾಳಿ ತುಂಬಿದ ಚೆಂಡಿನ ಹಾಗೆ ಬಿಗಿದು ಡೊಳ್ಳಿನಂತೆ ಸದ್ದು ಬರುತ್ತದೋ? ಡ್ರಾಪ್ಸ್ ಬಾಟಲಿಯ ಮೇಲೆ ಏನೇನು ಬರೆದಿದೆ?

ಹೊಟ್ಟೆ ಬಿಗಿದಿದ್ದರೆ ಒಂದು ಹನಿಯನ್ನೂ ತಿನ್ನಿಸಬೇಡಿ. ಇದಕ್ಕೆ ವಾಂತಿ ಮಾಡಲು ಬಾರದು, ಹೊಟ್ಟೆಯೊಳಗಿನ ಗಾಳಿಗೆ ಮೇಲಿನ ದಾರಿ ಇಲ್ಲ. ಜಠರ ತಿರುಚಿಕೊಂಡಿದ್ದರಂತೂ ತಿನ್ನಿಸಿದಷ್ಟೂ ಕೆಡುತ್ತದೆ. ಎಕ್ಸ್‌ರೇ ಇರುವ ಕಡೆಗೆ ಆ ಕ್ಷಣವೇ ಹೊರಡಬೇಕು. ಹೊಟ್ಟೆ ಮೆತ್ತಗಿದ್ದರೆ ತಿನ್ನಿಸಲೇಬೇಕು.

ಬೆಲ್ಲದಚ್ಚು:
ಸಿರಪ್ ನಿಲ್ಲಿಸಿದೆವು. ಹೊಟ್ಟೆ ಮೆತ್ತಗಿದೆ, ಡೊಳ್ಳಿನ ಸದ್ದಿಲ್ಲ. ಡ್ರಾಪ್ಸ್‌ನಲ್ಲಿ ಡೈಸೈಕ್ಲೋಮಿನ್ 10 ಮಿ.ಗ್ರಾಂ, ಸಿಮೆಥಿಕೋನ್ 40 ಮಿ.ಗ್ರಾಂ ಅಂತಿದೆ. ಹಿಂಭಾಗದ ಕೂದಲೆಲ್ಲ ಅಂಟಿಕೊಂಡಿದೆ, ಎರಡು ನೊಣ ಬಂದು ಕೂರುತ್ತಿವೆ.

ಹುಲ್ಲುಕಡ್ಡಿ:
ಆ ಡ್ರಾಪ್ಸ್ ಬೇಡ. ಸಿಮೆಥಿಕೋನ್ ಒಂದೇ ಇದ್ದರೆ ತೊಂದರೆ ಇರಲಿಲ್ಲ, ಅದು ಗುಳ್ಳೆ ಒಡೆಯುತ್ತದೆ ಅಷ್ಟೆ, ರಕ್ತಕ್ಕೆ ಸೇರುವುದಿಲ್ಲ. ಡೈಸೈಕ್ಲೋಮಿನ್ ಕರುಳಿನ ಚಲನೆಯನ್ನೇ ತಗ್ಗಿಸುತ್ತದೆ. ಊಟ ನಿಲ್ಲಿಸಿ ಕರುಳು ಜಡವಾಗುತ್ತಿರುವ ಪ್ರಾಣಿಗೆ ಅದು ಬೀಗ ಹಾಕಿದ ಹಾಗೆ. ಇದೇ ಕಾರಣಕ್ಕೆ ಮನುಷ್ಯರ ಭೇದಿ ನಿಲ್ಲಿಸುವ ಲೋಪರಮೈಡ್ ಮಾತ್ರೆಯೂ ಕೂಡದು.

ನೊಣದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಒದ್ದೆ ಕೂದಲಲ್ಲಿ ಮೊಟ್ಟೆಯಿಟ್ಟರೆ ಒಂದು ದಿನದೊಳಗೇ ಹುಳು ಚರ್ಮ ಕೊರೆಯಲು ಶುರು ಮಾಡಬಹುದು. ಇಡೀ ಮೈ ತೋಯಿಸದೆ ಹಿಂಭಾಗ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒಣಗಿಸಿ. ಅನ್ನದ ಅಗುಳಿನ ಸಣ್ಣ ನುಚ್ಚಿನಂತೆ ಬಿಳಿ ಕಡ್ಡಿ ಗೊಂಚಲಾಗಿ ಅಂಟಿದ್ದರೆ ಅದೇ ನೊಣದ ಮೊಟ್ಟೆ. ಬಾಚಣಿಗೆಯಿಂದ ತೆಗೆದು ಡಾಕ್ಟರಿಗೂ ಹೇಳಿ. ಗೂಡಿಗೆ ಸೊಳ್ಳೆಪರದೆ ಹೊದಿಸಿ.

ಕಿವಿ, ಪಾದ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಪಕ್ಕದಲ್ಲಿಡಿ, ಬೇಡವೆನಿಸಿದರೆ ಅದು ದೂರ ಸರಿಯುವಷ್ಟು ಜಾಗ ಇರಲಿ. ಗಿನಿ ಪಿಗ್‌ನ ಮೈ ಶಾಖ ಸುಮಾರು 37.2ರಿಂದ 39.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಈಗ ಊಟ. ಕಾಯಿಲೆ ಬಿದ್ದ ಹುಲ್ಲು ತಿನ್ನುವ ಪ್ರಾಣಿಗೆ ನೀರಲ್ಲಿ ಕಲಸಿ ತಿನ್ನಿಸುವ ಕ್ರಿಟಿಕಲ್ ಕೇರ್ ಪುಡಿ ಸಿಕ್ಕರೆ ಅದೇ ಒಳ್ಳೆಯದು, ಆದರೆ ಕೊರಿಯರ್ ಬರುವವರೆಗೆ ಕಾಯಬೇಡಿ. ಕಾಳು, ಬಣ್ಣದ ತುಂಡು ಬೆರೆಸದ, ಹುಲ್ಲಿನಿಂದ ಮಾಡಿದ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಒಣ ಆಹಾರ) ಇದ್ದರೆ ಮಿಕ್ಸಿಯ ಸಣ್ಣ ಜಾರ್‌ನಲ್ಲಿ ನುಣ್ಣಗೆ ಪುಡಿ ಮಾಡಿ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಖಾರ ಅರೆದ ಜಾರ್ ತೊಳೆದಿದ್ದರೂ ವಾಸನೆ ಉಳಿದಿರುತ್ತದೆ, ಅದು ಬೇಡ. ಒಂದು ಪಾಲು ಪುಡಿಗೆ ಎರಡರಿಂದ ಮೂರು ಪಾಲು ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ. ಪೆಲೆಟ್ ಉಬ್ಬಿ ಗಟ್ಟಿಯಾದರೆ ಮತ್ತೆ ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ತನ್ನಿ. ಉಳಿದದ್ದನ್ನು ಹೊರಗಿಟ್ಟರೆ ಹುಳಿಯುತ್ತದೆ, ಪ್ರತಿ ಸಲ ಹೊಸದಾಗಿ ಕಲಸಿ.

ಲೆಕ್ಕ: ಕೆ.ಜಿ. ತೂಕಕ್ಕೆ ದಿನಕ್ಕೆ 50ರಿಂದ 80 ಮಿ.ಲೀ. ನಿಮ್ಮದಕ್ಕೆ ಸುಮಾರು 40ರಿಂದ 65. ರಾತ್ರಿಯೂ ಸೇರಿ ಆರು ಹೊತ್ತಿಗೆ ಹಂಚಿದರೆ ಹೊತ್ತಿಗೆ 7ರಿಂದ 11 ಮಿ.ಲೀ. ಮೊದಲ ಎರಡು ಹೊತ್ತು 4, 5 ಮಿ.ಲೀ. ಹೋದರೂ ಸಾಕು. ನಡುನಡುವೆ ಬರೀ ನೀರನ್ನೂ ಸಿರಿಂಜ್‌ನಲ್ಲಿ ಕೊಡಿ. ಭೇದಿಯಲ್ಲಿ ನೀರು ಹೋಗಿಯೇ ಅರ್ಧ ಜೀವ ಹೋಗುತ್ತದೆ.

1 ಮಿ.ಲೀ. ಸಿರಿಂಜ್‌ನ ಮೂತಿಯನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಕಡ್ಡಿಯಿಂದ ನಯ ಮಾಡಿ. ಮಡಿಲಲ್ಲಿ ಟವೆಲ್ ಸುತ್ತಿ, ನಾಲ್ಕು ಕಾಲ ಮೇಲೆ ಕೂತ ಭಂಗಿಯಲ್ಲೇ ಹಿಡಿಯಿರಿ. ಅಂಗಾತ ಮಲಗಿಸಿದರೆ ಊಟ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಹಲ್ಲಿಲ್ಲದ ಖಾಲಿ ಜಾಗವಿದೆ, ಸಿರಿಂಜ್ ಅಲ್ಲಿಂದ ಅಡ್ಡಲಾಗಿ ಹೋಗಬೇಕು, ಗಂಟಲಿನ ಕಡೆ ನೇರವಾಗಿ ಅಲ್ಲ. ಒಂದು ಸಲಕ್ಕೆ 0.3 ಮಿ.ಲೀ. ದವಡೆ ಆಡಿ ನುಂಗಿದ ಮೇಲೆ ಮುಂದಿನದು.

ಪಶುವೈದ್ಯ_ಧಾರವಾಡ:
ಮೇಲಿನದು ಸರಿಯಾಗಿದೆ, ಆದರೆ ಮನೆಯ ಆರೈಕೆಯಿಂದ ಮಾತ್ರ ಇದು ಮುಗಿಯುವುದಿಲ್ಲ. ನೀರು ಭೇದಿ ಜೊತೆಗೆ ಶೇ. 10ಕ್ಕೂ ಹೆಚ್ಚು ತೂಕ ಇಳಿದಿದೆ. ಇವತ್ತೇ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಹೊರಡುವ ಮುಂಚೆ ಫೋನ್ ಮಾಡಿ ಗಿನಿ ಪಿಗ್ ಅಂತ ಹೇಳಿ. ಸಿರಪ್ ಬಾಟಲಿ ಮತ್ತು ಹಿಕ್ಕೆಯ ಸ್ಯಾಂಪಲ್ ಜೊತೆಗಿರಲಿ, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಅಲ್ಲಿ ಕೇಳಬೇಕಾದದ್ದು: ಚರ್ಮದಡಿಯ ಸಲೈನ್, ನೋವಿಗೆ ಮೆಲಾಕ್ಸಿಕಾಮ್, ಕ್ಲಾಸ್ಟ್ರಿಡಿಯಂಗೆ ಮೆಟ್ರೋನಿಡಜೋಲ್ ಬೇಕೇ, ವಿಷವನ್ನು ಕರುಳಲ್ಲೇ ಹಿಡಿದಿಡುವ ಕೊಲೆಸ್ಟಿರಮೈನ್ ಸಿಗುತ್ತದೆಯೇ. ನೀರಿನಂಶ ಕಡಿಮೆ ಇರುವಾಗ ಮೆಲಾಕ್ಸಿಕಾಮ್ ಕಿಡ್ನಿಗೆ ಹೊರೆ, ಹಾಗಾಗಿ ಸಲೈನ್ ಮೊದಲು. ಮೆಟ್ರೋನಿಡಜೋಲ್ ಕಹಿ, ಜೊಲ್ಲು ಸುರಿಸಿ ಊಟ ಇನ್ನೂ ಕಡಿಮೆ ಮಾಡಬಹುದು, ಅದಕ್ಕೆ ತಿನ್ನಿಸಿದ ಮೇಲೆ ಕೊಡಿ. ನೀವಾಗಿ ಡೋಸ್ ಊಹಿಸಬೇಡಿ.

ವಿಟಮಿನ್ ಸಿ ಮರೆಯಬೇಡಿ. ಮನುಷ್ಯರಂತೆ ಗಿನಿ ಪಿಗ್‌ನ ದೇಹವೂ ಅದನ್ನು ತಯಾರಿಸಿಕೊಳ್ಳುವುದಿಲ್ಲ, ಕಾಯಿಲೆಯಲ್ಲಿ ಬೇಗ ಮುಗಿಯುತ್ತದೆ. ಈ ಗಾತ್ರಕ್ಕೆ ದಿನಕ್ಕೆ ಸುಮಾರು 50 ಮಿ.ಗ್ರಾಂ. ಮಿ.ಲೀ.ಗೆ 100 ಮಿ.ಗ್ರಾಂ ಇರುವ ಹನಿಯಾದರೆ ಅರ್ಧ ಮಿ.ಲೀ. ಕುಡಿಯುವ ನೀರಿಗೆ ಬೆರೆಸಿದರೆ ಕೆಲ ಗಂಟೆಯಲ್ಲೇ ಸತ್ವ ಹೋಗುತ್ತದೆ.

ದವಡೆ ಹಲ್ಲನ್ನೂ ನೋಡಿಸಿ. ಹುಲ್ಲು ಕಡಿಮೆ ತಿಂದ ಪ್ರಾಣಿಯ ಹಲ್ಲು ಸವೆಯದೆ ಬೆಳೆದು ನಾಲಗೆ ಮೇಲೆ ಕಮಾನು ಕಟ್ಟುತ್ತದೆ. ಆಗ ಊಟಕ್ಕೆ ಓಡಿ ಬರುತ್ತದೆ, ಬಾಯಿಗೆ ಹಾಕಿ ಬಿಡುತ್ತದೆ, ಗದ್ದ ಒದ್ದೆ.

ಬೆಲ್ಲದಚ್ಚು:
ಹಾಸನಕ್ಕೆ ಹೋಗಿ ಬಂದು ಎರಡು ದಿನವಾಯಿತು. ಸಲೈನ್, ಮೆಟ್ರೋನಿಡಜೋಲ್ ನಡೆದಿದೆ. ಹಲ್ಲು ಸರಿ ಇದೆಯಂತೆ. ಹಿಕ್ಕೆ ಈಗ ಮೆತ್ತನೆ ಉಂಡೆ. ತೂಕ 822. ಆದರೆ ಸಿರಿಂಜ್ ಊಟದ ಅರ್ಧ ಬಾಯಿಂದ ಹೊರಗೇ ಬರುತ್ತಿದೆ, ಮೂತಿಯೂ ಆಗಾಗ ಕಟ್ಟುತ್ತದೆ.

ಹುಲ್ಲುಕಡ್ಡಿ:
ಮೂತಿ ಕಟ್ಟಿದರೆ ಜೋರಾಗಿ ಒತ್ತಬೇಡಿ, ಒಮ್ಮೆಲೇ 1 ಮಿ.ಲೀ. ಗಂಟಲಿಗೆ ಹಾರುತ್ತದೆ. ಹೊರತೆಗೆದು ಬಟ್ಟಲಿನ ಮೇಲೆ ಒತ್ತಿ ಬಿಡಿಸಿಕೊಳ್ಳಿ, ಪುಡಿಯನ್ನು ಇನ್ನೊಮ್ಮೆ ಜರಡಿ ಹಿಡಿಯಿರಿ. ಹೊರಗೆ ಬರುತ್ತಿದ್ದರೆ ಸಿರಿಂಜ್ ತುಟಿಯ ಹತ್ತಿರವೇ ನಿಂತಿದೆ ಎಂದರ್ಥ, ಅಥವಾ ಊಟ ತಣ್ಣಗಾಗಿದೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟುಕೊಂಡು ತಿನ್ನಿಸಿ.

ತಾನಾಗಿ ಹುಲ್ಲು ಜಗಿಯುವುದನ್ನು ಕಣ್ಣಾರೆ ಕಂಡು, ಎರಡು ಮೂರು ದಿನ ತೂಕ ಇಳಿಯದಿದ್ದರೆ ಮಾತ್ರ ಸಿರಿಂಜ್ ಕಡಿಮೆ ಮಾಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಗಿ. ಹಿಕ್ಕೆ ಗಟ್ಟಿಯಾಗಿ ಮೂರು ದಿನ ಕಳೆದ ಮೇಲೆ ನಾಲ್ಕು ಎಸಳು ಕೊತ್ತಂಬರಿ, ಮರುದಿನ ಬೆರಳಗಲದ ಒಂದು ತುಂಡು ದಪ್ಪ ಮೆಣಸಿನಕಾಯಿ (ಕ್ಯಾಪ್ಸಿಕಂ). ಗರಿಕೆ ಕೊಡುವುದಾದರೆ ಒಣಗಿದ ಗರಿಕೆ ಕೊಡಿ. ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಒದ್ದೆಯಾಗಿ ರಾಶಿ ಹಾಕಿದರೆ ಬಿಸಿಯೇರಿ ಹುಳಿಯುತ್ತದೆ, ಭೇದಿ ಮತ್ತೆ ಮರಳುತ್ತದೆ.

ಪಶುವೈದ್ಯ_ಧಾರವಾಡ:
ಶುರುವಾಗಿದ್ದು ಸೀನಿನಿಂದ, ಅದು ಏನಾಯಿತು? ಗೂಡಿಗೆ ಮರದ ಹೊಟ್ಟು ಹಾಕಿದ್ದರೆ ತೆಗೆದು ಹತ್ತಿ ಬಟ್ಟೆ ಹಾಸಿ ಎರಡು ದಿನ ನೋಡಿ, ಬರೀ ದೂಳಿನ ಸೀನಾದರೆ ನಿಲ್ಲುತ್ತದೆ. ಮೂಗು, ಕಣ್ಣಲ್ಲಿ ಗೀಜು, ಉಸಿರಲ್ಲಿ ಸದ್ದು, ಪಕ್ಕೆ ಎಳೆದು ಉಸಿರಾಡುವುದು ಇದ್ದರೆ ನ್ಯುಮೋನಿಯಾ ಇರಬಹುದು. ಅದಕ್ಕೆ ಟ್ರೈಮೆಥೊಪ್ರಿಮ್-ಸಲ್ಫಾ ಅಥವಾ ಎನ್ರೋಫ್ಲಾಕ್ಸಾಸಿನ್ ಇವೆ, ಹಾಸನದಲ್ಲಿ ನೋಡಿದ ಡಾಕ್ಟರನ್ನೇ ಕೇಳಿ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ "ಅಮಾಕ್ಸಿಸಿಲಿನ್ ಕೊಡಬಾರದು" ಅಂತ ಬರೆಸಿಕೊಳ್ಳಿ.