ಒಡ್ಡಿನ ಕೆಳಗೆ ಹೊಳೆ ಬತ್ತುತ್ತಿದೆ: ಅರ್ಜಿಯಲ್ಲಿ ಏನು ಕೇಳಬೇಕು?

ಹೊಳೆದಂಡೆ:
ಘಟ್ಟದ ಹೊಳೆಯೊಂದಕ್ಕೆ ಕಟ್ಟಿದ ಮಿನಿ ಹೈಡೆಲ್ (ಸಣ್ಣ ಜಲವಿದ್ಯುತ್ ಘಟಕ). ಒಡ್ಡಿನಲ್ಲಿ ನೀರು ತಿರುಗಿಸಿ ಪವರ್‌ಹೌಸಿಗೆ ಒಯ್ಯುತ್ತಾರೆ. ಒಡ್ಡಿಗೂ ಪವರ್‌ಹೌಸಿಗೂ ನಡುವೆ ಎರಡು ಕಿಲೋಮೀಟರ್ ಹೊಳೆ ಇದೆ. ಜನವರಿ ಕಳೆದರೆ ಅಷ್ಟುದ್ದಕ್ಕೂ ಬರೀ ಬಂಡೆ, ಅಲ್ಲಲ್ಲಿ ಗುಂಡಿ. ಪವರ್‌ಹೌಸಿನ ಕೆಳಗೆ ಸಂಜೆ ಮೊಣಕಾಲುದ್ದ ನೀರು ಬಂದು ರಾತ್ರಿಗೆ ಇಳಿದುಹೋಗುತ್ತದೆ. ಕೇಳಿದರೆ "ನಿಯಮದ ಪ್ರಕಾರ ಬಿಡ್ತಿದ್ದೇವೆ" ಅನ್ನುತ್ತಾರೆ. ಗ್ರಾಮಸಭೆಯ ನಿರ್ಣಯದೊಂದಿಗೆ ಅರ್ಜಿ ಹಾಕುವ ಯೋಚನೆಯಿದೆ. ಯಾವ ನಿಯಮ ಹಿಡಿಯಬೇಕು, ಪುರಾವೆ ಏನು ಬೇಕು?

ಕಡತಪ್ರಿಯ:
ಮೊದಲು ಸಾಮರ್ಥ್ಯ ಎಷ್ಟೆಂದು ನೋಡಿ. 25 ಮೆಗಾವ್ಯಾಟ್‌ಗಿಂತ ಕಡಿಮೆಯಿದ್ದರೆ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಡಿ ಪರಿಸರ ಅನುಮತಿಯೇ ಬೇಕಿಲ್ಲ. ಅದರ ಷರತ್ತು, ಆರು ತಿಂಗಳ ವರದಿ ಎಂದು ಹುಡುಕುತ್ತ ಕೂರಬೇಡಿ. ಬೇಕಾದ್ದು ಕ್ರೆಡಲ್‌ನ (ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ) ಹಂಚಿಕೆ ಆದೇಶ, ಜಲಸಂಪನ್ಮೂಲ ಇಲಾಖೆಯ ಒಪ್ಪಿಗೆ, ಕಾಡಿನ ಜಾಗ ಸೇರಿದ್ದರೆ ಅರಣ್ಯ ಅನುಮತಿ. ನೀರು ಬಿಡುವ ಷರತ್ತು ಇದ್ದರೆ ಇವುಗಳಲ್ಲೇ ಇರುತ್ತದೆ. ಎಲ್ಲೂ ಇಲ್ಲವೆಂದರೆ 2017ರ ಆಗಸ್ಟ್‌ನ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ ಹಿಡಿಯಿರಿ: ಬೇಸಿಗೆಯ ಸರಾಸರಿ ಹರಿವಿನ ಶೇ 15ರಿಂದ 20ರಷ್ಟನ್ನು ನದಿಯಲ್ಲಿ ಉಳಿಸಬೇಕು. ಗಂಗಾ ನದಿಯಲ್ಲಿ ಕನಿಷ್ಠ ಎಷ್ಟು ನೀರು ಹರಿಯಬೇಕೆಂದು ಹೇಳುವ 2018ರ ಅಧಿಸೂಚನೆ ನಮ್ಮ ಹೊಳೆಗಳಿಗೆ ಅನ್ವಯಿಸುವುದಿಲ್ಲ. ಅದನ್ನೇ ಆಧಾರ ಮಾಡಿಕೊಂಡರೆ ಎದುರು ವಕೀಲರಿಗೆ ಒಳ್ಳೆಯ ತುತ್ತು.

ಆರ್‌ಟಿಐ ಅರ್ಜಿಗೆ ನಮ್ಮ ರಾಜ್ಯದಲ್ಲಿ 10 ರೂಪಾಯಿ ಶುಲ್ಕ, 150 ಪದದ ಮಿತಿ, ಒಂದರಲ್ಲಿ ಒಂದೇ ವಿಷಯ. ಆದ್ದರಿಂದ ಕಚೇರಿಗೊಂದು ಬೇರೆಬೇರೆ ಹಾಕಿ. "ನೀರು ಬಿಡುತ್ತಿದ್ದಾರೆಯೇ?" ಎಂದು ಕೇಳಿದರೆ "ಹೌದು" ಎಂಬ ಒಂದು ಸಾಲು ಬರುತ್ತದೆ, ಅಷ್ಟೆ. ದಾಖಲೆಯ ಹೆಸರು ಹೇಳಿಯೇ ಕೇಳಬೇಕು. ಖಾಸಗಿ ಕಂಪನಿ ನೇರವಾಗಿ ಕೊಡುವುದಿಲ್ಲ, ಆದರೆ ವಿದ್ಯುತ್ ಕೊಳ್ಳುವ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಸರ್ಕಾರಿ ಸಂಸ್ಥೆ. ಫೆಬ್ರುವರಿಯಿಂದ ಮೇವರೆಗಿನ ಮೀಟರ್ ಲೋಡ್ ಸರ್ವೆ (ಯಾವ ಹೊತ್ತಿಗೆ ಎಷ್ಟು ವಿದ್ಯುತ್ ಬಂತೆಂಬ) ದತ್ತಾಂಶವನ್ನು ಅಲ್ಲಿ ಕೇಳಿ.

ಅಳತೆಗೋಲು:
ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ, ಇಡೀ ಜಗಳ ನಿಂತಿರುವುದೇ ಅದರ ಮೇಲೆ. ದಿನದ ಸರಾಸರಿ ಒಪ್ಪಿಕೊಳ್ಳಬೇಡಿ. ನಾಲ್ಕು ಗಂಟೆ 24 ಕ್ಯುಮೆಕ್ (ಸೆಕೆಂಡಿಗೆ 24 ಘನಮೀಟರ್) ಬಿಟ್ಟು ಇಪ್ಪತ್ತು ಗಂಟೆ ಪೂರ್ತಿ ಮುಚ್ಚಿದರೂ ಕಾಗದದಲ್ಲಿ "ಸರಾಸರಿ 4 ಕ್ಯುಮೆಕ್" ಎಂದೇ ಕಾಣುತ್ತದೆ. ಮೀನಿಗೆ ಸರಾಸರಿ ಗೊತ್ತಿಲ್ಲ. ಗಂಟೆವಾರು ಲೆಕ್ಕವೇ ಬೇಕು.

ವಿದ್ಯುತ್ ಮೀಟರಿನ ಲೆಕ್ಕದಿಂದ ನೀರಿನ ಲೆಕ್ಕ ತೆಗೆಯಬಹುದು: ಕಿಲೋವ್ಯಾಟ್ ÷ (9.81 × ಮೀಟರಿನಲ್ಲಿ ಹೆಡ್ × 0.85). ಹೆಡ್ ಅಂದರೆ ನೀರು ಬೀಳುವ ಎತ್ತರ, 0.85 ಯಂತ್ರದ ದಕ್ಷತೆ. 12 ಮೆಗಾವ್ಯಾಟ್, 60 ಮೀಟರ್ ಹೆಡ್ ಅಂದರೆ ಸುಮಾರು 24 ಕ್ಯುಮೆಕ್.

ಒಡ್ಡಿನ ಬುಡದಲ್ಲಿ ನೀವೇ ಅಳೆಯಿರಿ. ನೇರವಾಗಿ ಹರಿಯುವ 10 ಮೀಟರ್ ಆಯ್ದುಕೊಂಡು ಅಡ್ಡಲಾಗಿ ಹಗ್ಗ ಕಟ್ಟಿ, ಮೀಟರಿಗೊಂದು ಕಡೆ ಆಳ ನೋಡಿ. ಅರ್ಧ ನೀರು ತುಂಬಿದ ಬಾಟಲಿ ಬಿಟ್ಟು ಐದು ಸಲ ಸಮಯ ಹಿಡಿಯಿರಿ. ಖಾಲಿ ಬಾಟಲಿಯಾದರೆ ಗಾಳಿ ತಳ್ಳಿ ಲೆಕ್ಕ ಕೆಡುತ್ತದೆ. ಅಗಲ 6 ಮೀಟರ್, ಸರಾಸರಿ ಆಳ 30 ಸೆಂಟಿಮೀಟರ್, 10 ಮೀಟರಿಗೆ 20 ಸೆಕೆಂಡ್ ಅಂದುಕೊಳ್ಳಿ: 1.8 × 0.5 × 0.85, ಅಂದರೆ ಸೆಕೆಂಡಿಗೆ 765 ಲೀಟರ್, 27 ಕ್ಯುಸೆಕ್. ಇಲ್ಲಿ 0.85 ಯಾಕೆಂದರೆ ಮೇಲ್ಮೈ ನೀರು ಒಳಗಿನದಕ್ಕಿಂತ ವೇಗವಾಗಿ ಹರಿಯುತ್ತದೆ. ತೀರಾ ತೆಳುವಾಗಿ ಕಲ್ಲುಗಳ ಸಂದಿಯಲ್ಲಿ ಹರಿಯುವ ಕಡೆ ಈ ಲೆಕ್ಕ ಕೈಕೊಡುತ್ತದೆ.

ಬಂಡೆಗೆ 10 ಸೆಂಟಿಮೀಟರಿಗೊಂದು ಗೆರೆ ಬಣ್ಣದಲ್ಲಿ ಬರೆದು, ಒಂದೇ ಜಾಗದಿಂದ ದಿನಕ್ಕೆ ಮೂರು ಫೋಟೊ ತೆಗೆಯಿರಿ, ಸಮಯ ಮತ್ತು ಸ್ಥಳದ ಗುರುತು ಆನ್ ಇರಲಿ. ಒಂದು ತಿಂಗಳಾದರೂ ಬೇಕು. ಪವರ್‌ಹೌಸಿನ ಕೆಳಗೆ ಮಾತ್ರ ದಡದಿಂದಲೇ ನೋಡಿ, ಟರ್ಬೈನ್ ಶುರುವಾದರೆ ನಿಮಿಷಗಳಲ್ಲಿ ನೀರು ಏರುತ್ತದೆ.

ಅಳಿವೆ:
ಬರೀ "ಕನಿಷ್ಠ ಹರಿವು" ಎಂದು ಬರೆಯಬೇಡಿ. ಶರಾವತಿ ನೋಡಿ: ಗೇರುಸೊಪ್ಪೆ ಪವರ್‌ಹೌಸಿನಿಂದ ಬೇಸಿಗೆಯಲ್ಲೂ ಸಿಹಿನೀರು ಬರುವುದರಿಂದ ಅಳಿವೆಯಲ್ಲಿ (ನದಿ ಕಡಲು ಸೇರುವಲ್ಲಿ) ಉಪ್ಪಿನಂಶ ಇಳಿದು ಬಳಚು, ಚಿಪ್ಪಿಕಲ್ಲು ಎಂಬ ಚಿಪ್ಪುಜೀವಿಗಳು ಕುಗ್ಗಿದವು. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಅಲ್ಲಿ ಬಳಚು ಇದೆ. ನೀರು ಕಡಿಮೆಯಾದರೆ ಮಾತ್ರ ತೊಂದರೆ ಅಲ್ಲ, ಹೊತ್ತಲ್ಲದ ಹೊತ್ತಿಗೆ ಬಂದರೂ ತೊಂದರೆಯೇ. ಅರ್ಜಿಯಲ್ಲಿ ಮೂರು ಮಾತು ಬೇಕೇಬೇಕು: ಅಳತೆ ಒಡ್ಡಿನ ಬುಡದಲ್ಲಿ ಆಗಬೇಕು, ಪವರ್‌ಹೌಸಿನ ಕೆಳಗಲ್ಲ, ನೀರು ಇಪ್ಪತ್ತನಾಲ್ಕು ಗಂಟೆಯೂ ಹರಿಯಬೇಕು, ಮಟ್ಟ ಏರಿಳಿಸುವುದು ಹಂತಹಂತವಾಗಿ ನಡೆಯಬೇಕು. ಗೇಟಿನ ಭರವಸೆ ಸಾಲದು. ಒಡ್ಡಿನಲ್ಲಿ ಮುಚ್ಚಲಾಗದ ಕಿಂಡಿ ಬಿಡಿಸಿ, ಅದಕ್ಕೆ ಆಪರೇಟರ್ ಬೇಡ.

ಹೊಳೆದಂಡೆ:
ಹೀಗಾಗುತ್ತ ಆರೇಳು ವರ್ಷವಾಯಿತು. ಎನ್‌ಜಿಟಿಗೆ ತಡವಾಯಿತೇ?

ಕಡತಪ್ರಿಯ:
ಎನ್‌ಜಿಟಿ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ಸಕಾರಣವಿದ್ದರೆ ಇನ್ನು 60 ದಿನ. "ಏಳು ವರ್ಷದಿಂದ" ಎಂದು ಮೊದಲ ಸಾಲಿನಲ್ಲೇ ಬರೆದುಕೊಂಡು ಸಿಕ್ಕಿಬೀಳುವವರು ಬಹಳ. ಪರಿಸರ ಮರುಸ್ಥಾಪನೆ ಕೇಳುವ 15ನೇ ಸೆಕ್ಷನ್‌ಗೆ ಐದು ವರ್ಷ. ಈ ಬೇಸಿಗೆಯ ಉಲ್ಲಂಘನೆಯನ್ನು ದಿನಾಂಕ ಸಮೇತ ಬೇರೆಯಾಗಿ ತೋರಿಸಿ, ಮುಂದುವರಿದ ಉಲ್ಲಂಘನೆ ಎಂದು ವಾದಿಸಬೇಕಾಗುತ್ತದೆ. ಇಲ್ಲಿ ಮಾತ್ರ ವಕೀಲರಿಗೆ ತೋರಿಸಿಕೊಳ್ಳಿ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ನಮ್ಮದು ಚೆನ್ನೈ ಪೀಠ. ಅದಕ್ಕೆ ಮುಂಚೆ ಜಿಲ್ಲಾಧಿಕಾರಿಗೂ ಕ್ರೆಡಲ್‌ಗೂ ಮನವಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.