ಪದಚರ್ಚೆ: ಬುಷ್‌ವಾಕ್, ಗಾರ್ಜ್, ಕ್ರೀಕ್‌ಗೆ ಏನಂತೀರಿ? (ತುರ್ತು, ನಾಳೆ ಪ್ರಿಂಟ್)

ಮೆಲ್ಬರ್ನ್‌ನಿಂದ:

ಎಲ್ಲರಿಗೂ ನಮಸ್ಕಾರ. ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ಊರಿಂದ ಇಲ್ಲಿಗೆ ಬಂದ ಅಪ್ಪ-ಅಮ್ಮಂದಿರಿಗೆ ಕನ್ನಡದಲ್ಲಿ ಒಂದು ಕರಪತ್ರ ಮಾಡುತ್ತಿದ್ದೇವೆ. ಅರ್ಧ ದಿನದಲ್ಲಿ ಮುಗಿಯುವ, ಮಂಡಿಗೆ ಹಿಂಸೆ ಕೊಡದ ನಡಿಗೆಗಳ ಬಗ್ಗೆ. ಸಾವಿರಾರು ಬಾವಲಿಗಳು ನೇತಾಡುವ ಯಾರಾ ಬೆಂಡ್. ಚಿನ್ನ ಹುಡುಕುವವರು 1870ರಲ್ಲಿ ಸುರಂಗ ಕೊರೆದು ಯಾರಾ ನದಿಯನ್ನೇ ತಿರುಗಿಸಿದ ಪೌಂಡ್ ಬೆಂಡ್. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಹಾಗೆ ಕಂಬಕಲ್ಲುಗಳಿರುವ ಆರ್ಗನ್ ಪೈಪ್ಸ್. ಆಮೇಲೆ ವೆರಿಬೀ ಗಾರ್ಜ್. ಅದರ ಪೂರ್ತಿ ಸುತ್ತು ಕಷ್ಟ, ಒಂದು ಕಡೆ ಕಬ್ಬಿಣದ ಹಗ್ಗ ಹಿಡಿದು ಬಂಡೆ ದಾಟಬೇಕು. ಹಾಗಾಗಿ ಹಳೇ ನೀರಿನ ಕಾಲುವೆಯ ಪಕ್ಕದ ಸಲೀಸು ಭಾಗ ಮಾತ್ರ ಹಾಕುತ್ತೇವೆ.

ಬುಷ್‌ವಾಕ್ (ಕಾಡಿನ ದಾರಿಯಲ್ಲಿ ನಡೆದು ಬರುವುದು), ಗಾರ್ಜ್ (ಕಡಿದಾದ ಗುಡ್ಡಗಳ ನಡುವೆ ನದಿ ಹರಿಯುವ ಜಾಗ), ಕ್ರೀಕ್ (ನದಿಗಿಂತ ಸಣ್ಣ ನೀರಿನ ಹರಿವು), ಈ ಮೂರಕ್ಕೆ ಪದ ಬೇಕು. ಜೊತೆಗೆ ದಾರಿಯ ಗ್ರೇಡ್‌ಗೆ. ಇಲ್ಲಿ ದಾರಿಗಳಿಗೆ 1ರಿಂದ 5ರವರೆಗೆ ಗ್ರೇಡ್ ಕೊಡುತ್ತಾರೆ. 1 ಅಂದರೆ ಮೆಟ್ಟಿಲಿಲ್ಲದ ಸಮತಟ್ಟು ದಾರಿ, 5 ಅಂದರೆ ಚೆನ್ನಾಗಿ ಪಳಗಿದವರಿಗೆ ಮಾತ್ರ. ಸದ್ಯಕ್ಕೆ ಕಾಡುಚಾರಣ, ಕಮರಿ, ತೊರೆ, ದರ್ಜೆ ಅಂತ ಹಾಕಿದ್ದೇನೆ. ನಡೆಯುತ್ತಾ?

ಮೈಸೂರಿನಿಂದ:

ಕಾಡುಚಾರಣ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆರೆಸಿದ ತಪ್ಪು. ವನಚಾರಣ ಅನ್ನಿ. ಗಾರ್ಜ್‌ಗೆ ಕಂದರ. ಉಳಿದದ್ದು ಸರಿ.

ಬೆಂಗಳೂರಿನಿಂದ:

ಚಾರಣವೇ ಬೇಡ. ಸಂಸ್ಕೃತದಲ್ಲಿ ಚಾರಣ ಅಂದರೆ ಊರೂರು ಅಲೆಯುತ್ತಾ ಹೊಗಳಿ ಹಾಡುವವನು. ಪತ್ರಿಕೆಯವರು ಅದನ್ನು ತಂದು ಟ್ರೆಕಿಂಗ್‌ಗೆ ಅಂಟಿಸಿದರು, ನಾವು ಸುಮ್ನೆ ಒಪ್ಪಿಕೊಂಡೆವು. ನಡಿಗೆ, ತಿರುಗಾಟ, ಅಡ್ಡಾಟ ಎಲ್ಲ ಸತ್ತುಹೋದವಾ? ಇನ್ನು ಕಂದರ, ವನ ಎಲ್ಲ ನಾಮಫಲಕದ ಕನ್ನಡ. ಯಾವ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಮತ್ತೆ ಈ ಅರಿಸಮಾಸದ ಗುಮ್ಮ ಸಾಕು ಸಾರ್. ಮಳೆಗಾಲ ಅನ್ನುವಾಗ ಯಾರೂ ಬೆಚ್ಚಿಬೀಳಲ್ಲ.

ಮೈಸೂರಿನಿಂದ:

ಕಾಲ ಸಮಸಂಸ್ಕೃತ, ಎರಡೂ ಭಾಷೆಯಲ್ಲಿ ಒಂದೇ ರೂಪದ ಪದ, ಅದಕ್ಕೆ ಆ ದೋಷ ಇಲ್ಲ. ವ್ಯಾಕರಣ ಇನ್ನೊಮ್ಮೆ ನೋಡಿ.

ಸಿಡ್ನಿಯಿಂದ:

ಇಲ್ಲಿನ ಬುಷ್ ಅಂದರೆ ಪೊದೆ ಅಲ್ಲ ಅನ್ನುವುದನ್ನು ಮೊದಲು ಗಮನಿಸಿ. ಡಚ್ಚರ ಮಾತಿನಲ್ಲಿ ಕಾಡಿಗೆ ಇರುವ ಪದದ ನೆರಳು ಇದರ ಮೇಲಿದೆ ಅಂತ ನಿಘಂಟಿನವರ ಅಂದಾಜು. ಊರು, ಹೊಲ ಬಿಟ್ಟು ಉಳಿದದ್ದೆಲ್ಲ ಬುಷ್. ನದೀತೀರದ ಮರಗಳ ಸಾಲೂ ಬುಷ್, ನೀಲಗಿರಿ ಮರಗಳ ಗುಡ್ಡವೂ ಬುಷ್. ಬುಷ್‌ವಾಕ್ ಅನ್ನುವ ಮಾತು ಜನರ ಬಾಯಿಗೆ ಬಂದದ್ದು 1927ರಲ್ಲಿ ಇಲ್ಲಿ ಸಿಡ್ನಿ ಬುಷ್ ವಾಕರ್ಸ್ ಕೂಟ ಹುಟ್ಟಿದ ಮೇಲೆ. ಬೆನ್ನಿಗೆ ಚೀಲ ಹಾಕಿ ದಿನಗಟ್ಟಲೆ ಹೋಗುವುದೂ ಅದೇ, ಟಿಫಿನ್ ಮುಗಿಸಿ ಹೋಗಿ ಊಟಕ್ಕೆ ವಾಪಸ್ ಬರುವುದೂ ಅದೇ. ನಿಮಗೆ ಬೇಕಿರುವುದು ಎರಡನೆಯದು. ಚಾರಣ ಅಂದರೆ ನಮ್ಮವರ ಕಣ್ಣ ಮುಂದೆ ಬರುವುದು ಕುಮಾರಪರ್ವತ. ಕರಪತ್ರ ಅಲ್ಲೇ ಕೆಳಗಿಡುತ್ತಾರೆ.

ಕುಂದಾಪುರದಿಂದ:

ಹಾಡಿ! ಮನೆ ಹಿಂದೆ, ಗದ್ದೆ ಆಚೆ, ತರಗೆಲೆ ಗುಡಿಸಿ ತರುವ ಸಣ್ಣ ಕಾಡಿಗೆ ನಾವು ಹಾಡಿ ಅಂತೇವೆ. ಹುಲಿ ಇಲ್ಲ, ಭಯ ಇಲ್ಲ, ಮಕ್ಕಳೂ ಹೋಗಿ ಬರುತ್ತವೆ. ಹಾಡಿ ನಡಿಗೆ ಅನ್ನಿ. ಇಷ್ಟು ಚಂದದ ಪದ ಇದ್ದೂ ಯಾಕೆ ಒದ್ದಾಡುತ್ತೀರಿ?

ಹುಣಸೂರಿನಿಂದ:

ನಮ್ಮ ಕಡೆ ಹಾಡಿ ಅಂದರೆ ಜೇನುಕುರುಬರ ವಸತಿ. ಹಾಡಿ ನಡಿಗೆ ಅಂತ ಓದಿದರೆ ಯಾರೋ ಅಧಿಕಾರಿ ಭೇಟಿಗೆ ಹೊರಟಿದ್ದಾರೆ ಅನ್ನಿಸುತ್ತೆ.

ಶಿರಸಿಯಿಂದ:

ಕಾನು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಬೇಡ. ಕಾನು ಅಂದರೆ ವರ್ಷವಿಡೀ ಹಸಿರಾಗಿ, ಬಿಸಿಲು ನೆಲಕ್ಕೆ ಬೀಳದ ಕಾಡು. ನೀಲಗಿರಿ ಮರದ ಕೆಳಗೆ ನೆರಳು ಎಲ್ಲಿಂದ ಬರಬೇಕು? ಬಯಲುಸೀಮೆಯವರು ಅಡವಿ ಅನ್ನುತ್ತಾರೆ, ಅದು ಪರವಾಗಿಲ್ಲ. ಎಲ್ಲರಿಗೂ ತಿಳಿಯುವುದು ಕಾಡು. ಕಾಡು ನಡಿಗೆ ಹಾಕಿ. ಹುಲಿ ಚಿರತೆ ಇಲ್ಲ, ಹಾವಿದೆ ಅಂತ ಕೆಳಗೊಂದು ಸಾಲು ಸೇರಿಸಿ.

ಹೇಗೂ ಮಾತು ಬಂತಲ್ಲ, ಆ ಮರವನ್ನೇ ನೋಡಿ. ಬಂದದ್ದು ಆಸ್ಟ್ರೇಲಿಯಾದಿಂದ. ನಾವು ಅದರ ಹೆಸರು ತರಲಿಲ್ಲ, ನೀಲಗಿರಿ ಅಂತ ನಮ್ಮ ಬೆಟ್ಟದ ಹೆಸರೇ ಇಟ್ಟುಬಿಟ್ಟೆವು. ಯಾವ ಸಮಿತಿಯೂ ಕೂರಲಿಲ್ಲ.

ಹಿರಿಯೂರಿನಿಂದ:

ಗಾರ್ಜ್ ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಕಮರಿ ಖಂಡಿತ ಬೇಡ. ಕಮರಿ ಅಂದ ಕೂಡಲೇ ಬಸ್ಸು ಉರುಳಿದ ಸುದ್ದಿ ನೆನಪಾಗುತ್ತೆ. ಮೇಲೆ ನಿಂತು ಕೆಳಗೆ ನೋಡಿದರೆ ಕಮರಿ. ಇಲ್ಲಿ ಜನ ನಡೆಯುವುದು ಕೆಳಗೆ, ನೀರಿನ ಪಕ್ಕ.

ಪದ ಇದೆ: ಕಣಿವೆ. ಶಾಲೆಯ ಪುಸ್ತಕದವರು ಅದನ್ನು ಹಿಗ್ಗಿಸಿ ಎರಡು ಬೆಟ್ಟದ ನಡುವಿನ ಅಗಲವಾದ ಬಯಲಿಗೆಲ್ಲ ಹಚ್ಚಿದರು, ಸಿಂಧೂ ಕಣಿವೆ, ಕಾಶ್ಮೀರ ಕಣಿವೆ ಅಂತ. ಜನರ ಬಾಯಲ್ಲಿ ಕಣಿವೆ ಅಂದರೆ ಇಕ್ಕಟ್ಟಾದ ಸಂದಿ. ತಮಿಳಿನ ಕಣವಾಯ್, ತೆಲುಗಿನ ಕನುಮ ಎರಡೂ ಇದರ ಒಡಹುಟ್ಟು, ಎರಡೂ ಬೆಟ್ಟದ ನಡುವಿನ ದಾರಿ. ನಮ್ಮ ಮಾರಿಕಣಿವೆಯನ್ನೇ ನೋಡಿ. ವೇದಾವತಿ ಎರಡು ಗುಡ್ಡದ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದ ಜಾಗ. ಸಂದಿ ಕಿರಿದಾಗಿದ್ದಕ್ಕೇ 1907ರ ಹೊತ್ತಿಗೆ ಅಲ್ಲಿ ಕಟ್ಟೆ ಕಟ್ಟಿ ಮುಗಿಸಲು ಆಯಿತು. ಕಾಗದದಲ್ಲಿ ವಾಣಿವಿಲಾಸ ಸಾಗರ, ಬಾಯಲ್ಲಿ ಇವತ್ತಿಗೂ ಮಾರಿಕಣಿವೆ. ಹೊಳೆ ಹರಿಯುವ ಇಕ್ಕಟ್ಟು ಸಂದಿ, ಇನ್ನೇನು ಬೇಕು?

ಧಾರವಾಡದಿಂದ:

ಕೊಳ್ಳ. ಗುಡ್ಡ-ಕೊಳ್ಳ ಅಂತ ಜೋಡಿಯಾಗಿ ಅನ್ನುತ್ತೇವೆ. ಕಣಿವೆಗೆ ಅಷ್ಟು ಉದ್ದದ ಪುರಾಣ ಬೇಕಾಯಿತು, ಕೊಳ್ಳಕ್ಕೆ ಬೇಡ. ಮತ್ತೆ ಕ್ರೀಕ್‌ಗೆ ಹಳ್ಳ. ತೊರೆ ಕವಿತೆಯಲ್ಲಿರಲಿ.

ಬೆಂಗಳೂರಿನಿಂದ:

ಕೊಳ್ಳ, ಕೊಳ ಒಂದೇ ಬೇರಿನವು ಅಲ್ವಾ? ನೀರು ನಿಂತ ತಗ್ಗು?

ಧಾರವಾಡದಿಂದ:

ಅಲ್ಲ. ಕೊಳ ಬೇರೆ, ಕೊಳ್ಳ ಬೇರೆ.

ಹುಣಸೂರಿನಿಂದ:

ಹಳ್ಳ ಅಂದರೆ ಇಲ್ಲಿ ರಸ್ತೆಯ ಗುಂಡಿಯೂ ಹೌದು. ಜಾಕ್ಸನ್ಸ್ ಕ್ರೀಕ್ ಅನ್ನುವುದನ್ನು ಜಾಕ್ಸನ್ಸ್ ಹಳ್ಳ ಅಂತ ಬರೆದರೆ ಜಾಕ್ಸನ್ ಎಲ್ಲೋ ಬಿದ್ದ ಅಂದುಕೊಳ್ಳುತ್ತಾರೆ.

ಸಿಡ್ನಿಯಿಂದ:

ಹೆಸರುಗಳನ್ನು ಮಾತ್ರ ಮುಟ್ಟಬೇಡಿ ಅಂತ ನನ್ನ ವಿನಂತಿ. ವೆರಿಬೀ ಗಾರ್ಜ್ ಅನ್ನುವುದನ್ನು ವೆರಿಬೀ ಕಣಿವೆ ಮಾಡಿದರೆ ಬೋರ್ಡ್ ಓದುವುದು ಹೇಗೆ? ಹಿರಿಯರು ದಾರಿ ತಪ್ಪಿದರೆ ಮಗಳಿಗೆ ಫೋನ್ ಮಾಡಿ ಹೇಳಬೇಕಾದದ್ದು ಬೋರ್ಡಿನಲ್ಲಿರುವ ಹೆಸರು. ಇಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಿದರೂ ಅಷ್ಟೇ. ಮಾರಿಕಣಿವೆ ಅಂದರೆ ಅಲ್ಲಿ ಯಾರಿಗೆ ಗೊತ್ತಾಗಬೇಕು?

ಬೆಂಗಳೂರಿನಿಂದ:

ಇದೇ ಜೀತದ ಬುದ್ಧಿ. ಬಿಳಿಯರು ಇಟ್ಟ ಹೆಸರಿಗೆ ನಾವು ಕಾವಲು ಕೂರಬೇಕಾ? ಯಾರಾ ಅನ್ನುವುದೇ ತಪ್ಪಾಗಿ ಕೇಳಿಸಿಕೊಂಡ ಹೆಸರು. 1835ರಲ್ಲಿ ಒಬ್ಬ ಸರ್ವೆಯವನು ಬಂದ. ಅಲ್ಲಿನ ಜನ ಬಂಡೆ ಮೇಲೆ ಹರಿದು ಬೀಳುವ ನೀರಿಗೆ ಅಂದ ಮಾತನ್ನು ನದಿಯ ಹೆಸರು ಅಂದುಕೊಂಡ. ಆ ನೆಲದ ವುರುಂಡ್ಜೆರಿ ಜನ ನದಿಗೆ ಇಟ್ಟ ಹೆಸರು ಬಿರಾರಂಗ್. 2017ರಲ್ಲಿ ಆ ನದಿಗಾಗಿ ಮಾಡಿದ ಕಾಯ್ದೆಯ ಹೆಸರಿನಲ್ಲೇ ಆ ಮಾತು ಸೇರಿದೆ. ಅವರ ಸರ್ಕಾರವೇ ನೆಲದ ಮಾತಿಗೆ ಮರಳುತ್ತಿರುವಾಗ ನಾವು ಇಂಗ್ಲಿಷಿಗೆ ಜೋತುಬಿದ್ದಿದ್ದೇವೆ.

ಮೈಸೂರಿನಿಂದ:

ಅದು ಆ ನೆಲದ ಜನರ ಮಾತಿಗೆ ಕೊಟ್ಟ ಮರ್ಯಾದೆ. ಕಣಿವೆ ಆ ನೆಲದ ಮಾತಲ್ಲ, ಕಂದರವೂ ಅಲ್ಲ. ನಿಮ್ಮ ವಾದವನ್ನು ನೇರ ಹಿಡಿದರೆ ಬಿರಾರಂಗ್ ಅಂತಲೇ ಬರೆಯಬೇಕು, ಅದೂ ಎರವಲೇ. ಎರವಲು ಬೇಡ ಅನ್ನುವವರು ಜೀತ, ಸರ್ವೆ, ಸರ್ಕಾರ, ಕಾಯ್ದೆ ಎಲ್ಲ ಬಳಸಿ ಬೈಯುತ್ತಿದ್ದಾರೆ. ಇದರಲ್ಲಿ ಎಷ್ಟು ಅಚ್ಚಗನ್ನಡ ಅಂತ ಹುಡುಕಲಿ.

ಬೆಂಗಳೂರಿನಿಂದ:

ಬಾಯಲ್ಲಿ ಬಳಕೆಯಾದದ್ದು ಬೇರೆ, ಮೇಜಿನ ಮೇಲೆ ಕಟ್ಟಿದ್ದು ಬೇರೆ. ಸರ್ಕಾರ ನಮ್ಮಜ್ಜಿಯೂ ಅಂದಿದ್ದಾಳೆ. ವನಚಾರಣ ಅಂದಿಲ್ಲ.

ಶಿರಸಿಯಿಂದ:

ಪಾಪ, ಆ ಹುಡುಗಿಗೆ ನಾಳೆ ಪ್ರಿಂಟ್ ಇದೆ. ನೋಡಮ್ಮಾ, ದರ್ಜೆ ಮಾತ್ರ ಬದಲಾಯಿಸು. ಎರಡನೇ ದರ್ಜೆಯ ದಾರಿ ಅಂದರೆ ಕಳಪೆ ದಾರಿ ಅನ್ನುವ ಅರ್ಥ ಬರುತ್ತೆ. ಮಟ್ಟ ಅಂದರೂ ಅದೇ ಕಥೆ. ಅಂಕಿಯನ್ನು ಬೋರ್ಡಿನಲ್ಲಿ ಇದ್ದ ಹಾಗೇ ಬಿಡು, ಪಕ್ಕದಲ್ಲಿ ಸಲೀಸು, ಸ್ವಲ್ಪ ಏರು, ಕಷ್ಟ ಅಂತ ಬರೆ.

ಮೆಲ್ಬರ್ನ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಜಾಗದ ಹೆಸರುಗಳನ್ನು ಬೋರ್ಡಿನಲ್ಲಿ ಇದ್ದ ಹಾಗೇ ಕನ್ನಡ ಲಿಪಿಯಲ್ಲಿ ಬಿಡುತ್ತೇನೆ. ವಿವರಣೆಯಲ್ಲಿ ಕಣಿವೆ ಬಳಸುತ್ತೇನೆ, ಹಿರಿಯೂರಿನವರ ಅರ್ಥದಲ್ಲಿ. ಕೊಳ್ಳ ಇಷ್ಟವಾಯಿತು, ಆದರೆ ಓದುವವರಲ್ಲಿ ಜಾಸ್ತಿ ಜನ ಬೆಂಗಳೂರು, ತುಮಕೂರು, ಹಾಸನದ ಕಡೆಯವರು. ಹಳ್ಳಕ್ಕೆ ಬದಲು ಸಣ್ಣ ಹೊಳೆ. ಯಾರಾ ಬೆಂಡ್‌ನ ಸೇತುವೆಗೆ ತೂಗುಸೇತುವೆ, ಅದನ್ನು ಯಾರೂ ಕೇಳಲೂ ಇಲ್ಲ, ಬೈಯಲೂ ಇಲ್ಲ. ಬಿರಾರಂಗ್ ಹೆಸರನ್ನು ಯಾರಾ ಜೊತೆಗೆ ಹಾಕುತ್ತೇನೆ.

ವೆರಿಬೀ ಪುಟ ಈಗ ಹೀಗಿದೆ:

"ವೆರಿಬೀ ಗಾರ್ಜ್. ಕಾಡು ನಡಿಗೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಹೊಳೆ ಹರಿಯುತ್ತದೆ. ಹಳೇ ಕಾಲುವೆಯ ಪಕ್ಕದ ದಾರಿಯಲ್ಲೇ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಕಬ್ಬಿಣದ ಹಗ್ಗ ಇರುವ ಕಡೆ ಹೋಗಬೇಡಿ. ಹುಲಿ, ಚಿರತೆ ಇಲ್ಲ. ಬೇಸಿಗೆಯಲ್ಲಿ ಹಾವು ಇರುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ನೀರು ತೆಗೆದುಕೊಂಡು ಹೋಗಿ."

ಆರ್ಗನ್ ಪೈಪ್ಸ್‌ಗೆ "ಹೋಗುವಾಗ ಇಳಿಜಾರು, ಬರುವಾಗ ಏರು" ಅಂತ ಸೇರಿಸಿದೆ. ಬೇರೆ ಏನಾದರೂ ಕಂಡರೆ ಬೆಳಿಗ್ಗೆಯೊಳಗೆ ಹೇಳಿ.

ಮೈಸೂರಿನಿಂದ:

ಕಾಡುನಡಿಗೆ ಒಂದೇ ಪದ. ಬಿಡಿಸಿ ಬರೆಯಬೇಡಿ.